ಹಾಬಿಗೂ ಪಾಸ್‌ಟೈಮಿಗೂ ಒಂದೇ ‘ಹವ್ಯಾಸ’ ಸಾಕಾ?

ನೀರ್ಚಾಲು ಟೀಚರ್

ಕನ್ನಡ ಮಾಧ್ಯಮದ ಎಂಟು, ಒಂಬತ್ತನೇ ತರಗತಿಗೆ ಇಂಗ್ಲಿಷ್ ಶಬ್ದಗಳ ಅಭ್ಯಾಸ ಹಾಳೆ ತಯಾರಾಗ್ತಾ ಉಂಟು. ಬಿಟ್ಟ ಸ್ಥಳ ತುಂಬಿ ಅಂತ ಐದು ವಾಕ್ಯ. ಹಾಬಿ ಅಥವಾ ಪಾಸ್‌ಟೈಮ್, ಎರಡರಲ್ಲಿ ಒಂದು ಬರೆಯಬೇಕು:

೧. ಶಿ ಟುಕ್ ಅಪ್ ಪೇಂಟಿಂಗ್ ಆ್ಯಸ್ ಎ ____.
೨. ಬೇಸ್‌ಬಾಲ್ ಈಸ್ ಅಮೆರಿಕಾಸ್ ನ್ಯಾಷನಲ್ ____.
೩. ಕಲೆಕ್ಟಿಂಗ್ ಸ್ಟ್ಯಾಂಪ್ಸ್ ಈಸ್ ಹಿಸ್ ____.
೪. ಚೆನ್ನೆಮಣೆ ವಾಸ್ ಎ ಕಾಮನ್ ____ ಇನ್ ದ ರೇನಿ ಮಂತ್ಸ್.
೫. ರೀಡಿಂಗ್ ಈಸ್ ಮೈ ಫೇವರಿಟ್ ____.

ನಿಘಂಟು ತೆರೆದರೆ ಹಾಬಿ ಅಂದರೂ ಹವ್ಯಾಸ, ಪಾಸ್‌ಟೈಮ್ ಅಂದರೂ ಹವ್ಯಾಸ. ಇನ್ನೊಂದರಲ್ಲಿ ವಿನೋದ, ಕಾಲಕ್ಷೇಪ ಅಂತ ಉಂಟು. ಮಕ್ಕಳಿಗೆ ಕನ್ನಡದಲ್ಲಿ ಹೇಳಿಕೊಡಬಹುದಾದ ವ್ಯತ್ಯಾಸ ಬೇಕು. ‘ಕೇಳಿ ಕೇಳಿ ರೂಢಿಯಾಗ್ತದೆ’ ಅಂತ ಮಾತ್ರ ಹೇಳಬೇಡಿ.

ಕುಂಬಳೆ ಸೀಮೆ

ಟೀಚರ್, ನಿಘಂಟಿನ ಕನ್ನಡ ಅರ್ಥದಿಂದ ಹೊರಟರೆ ಸುತ್ತಿ ಸುತ್ತಿ ಹವ್ಯಾಸಕ್ಕೇ ಬಂದು ನಿಲ್ಲುತ್ತೀರಿ. ಇಂಗ್ಲಿಷಿನಲ್ಲಿ ಆ ಶಬ್ದದ ಪಕ್ಕ ಯಾವ ಶಬ್ದಗಳು ಬಂದು ಕೂರುತ್ತವೆ ಎಂಬುದನ್ನು ನೋಡಿ.

ಹಾಬಿ ಮನುಷ್ಯನಿಗೆ ಅಂಟಿದ್ದು. ಪಾಸ್‌ಟೈಮ್ ಹೊತ್ತಿಗೆ ಅಂಟಿದ್ದು. ಹಾಬಿಯನ್ನು ಶುರು ಮಾಡುತ್ತಾರೆ, ಬೆಳೆಸುತ್ತಾರೆ, ಅದಕ್ಕೆ ದುಡ್ಡು ಸುರಿಯುತ್ತಾರೆ, ಬೇಜಾರು ಬಂದರೆ ಬಿಡುತ್ತಾರೆ. ಆದ್ದರಿಂದ ಟೇಕ್ ಅಪ್, ಪರ್ಸ್ಯೂ, ಗಿವ್ ಅಪ್ ಎಂಬ ಕ್ರಿಯಾಪದಗಳು ಅದರ ಜೊತೆ ಸಲೀಸಾಗಿ ಬರುತ್ತವೆ. ‘ಐ ಹ್ಯಾವ್ ಎ ಹಾಬಿ’ ಸಹಜ. ‘ಐ ಹ್ಯಾವ್ ಎ ಪಾಸ್‌ಟೈಮ್’ ವ್ಯಾಕರಣಕ್ಕೆ ತಪ್ಪಲ್ಲ, ಆದರೆ ಹಾಗೆ ಯಾರೂ ಹೇಳುವುದಿಲ್ಲ. ಪಾಸ್‌ಟೈಮಿಗೆ ಮುಂದೊಂದು ವಿಶೇಷಣ ಇದ್ದರೇ ಚೆಂದ: ಫೇವರಿಟ್, ಪಾಪ್ಯುಲರ್, ಟ್ರೆಡಿಷನಲ್, ನ್ಯಾಷನಲ್.

ಇದರಿಂದ ಒಳ್ಳೆಯ ಪರೀಕ್ಷೆಯೊಂದು ಸಿಗುತ್ತದೆ. ಒಂದು ಊರಿಗೆ, ಒಂದು ಕಾಲಕ್ಕೆ, ಒಂದು ದೇಶಕ್ಕೆ ಹೇಳುವಾಗ ಹಾಬಿ ನಿಲ್ಲುವುದಿಲ್ಲ. ಬೇಸ್‌ಬಾಲ್ ಅಮೆರಿಕದ ನ್ಯಾಷನಲ್ ಪಾಸ್‌ಟೈಮ್. ನ್ಯಾಷನಲ್ ಹಾಬಿ ಅಂದರೆ ದೇಶವೇ ಒಬ್ಬ ಮನುಷ್ಯನಾಗಿ ಸಂಜೆ ಹೊತ್ತು ಬ್ಯಾಟು ಹಿಡಿದ ಹಾಗೆ ಕೇಳುತ್ತದೆ. ಎರಡನೇ ವಾಕ್ಯಕ್ಕೆ ಅನುಮಾನವೇ ಬೇಡ. ಗುಳಿಗಳಿಗೆ ಕಾಯಿ ಹಾಕಿ ಆಡುವ ಚೆನ್ನೆಮಣೆಯದ್ದೂ ಅಷ್ಟೇ. ಅದು ಯಾರೋ ಒಬ್ಬರದ್ದಲ್ಲ, ಮಳೆಗಾಲದ್ದು.

ಶಬ್ದಗಳ ಹುಟ್ಟನ್ನೂ ಮಕ್ಕಳಿಗೆ ಹೇಳಬಹುದು, ನೆನಪಿನಲ್ಲಿ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಹಾಬಿ ಎಂದರೆ ಮೊದಲು ಸಣ್ಣ ಜಾತಿಯ ಕುದುರೆ. ಅದರಿಂದ ಹಾಬಿ ಹಾರ್ಸ್, ಅಂದರೆ ಕೋಲಿಗೆ ಕುದುರೆ ತಲೆ ಸಿಕ್ಕಿಸಿ ಮಕ್ಕಳು ಕಾಲ ಸಂದಿಯಲ್ಲಿ ಇಟ್ಟು ಓಡುವ ಆಟಿಕೆ. ಆ ಕುದುರೆ ಎಲ್ಲಿಗೂ ತಲುಪಿಸುವುದಿಲ್ಲ, ಏರಿದವನಿಗೆ ಮಾತ್ರ ಬಹಳ ಖುಷಿ. ಹಾಗೆ ಒಬ್ಬನನ್ನು ಹಿಡಿದುಕೊಂಡ ಮೆಚ್ಚಿನ ಕೆಲಸಕ್ಕೆ ಹಾಬಿ ಹಾರ್ಸ್ ಎಂಬ ಹೆಸರು ಬಂತು, 19ನೇ ಶತಮಾನದಲ್ಲಿ ಬಾಲ ಕತ್ತರಿಸಿ ಬರೀ ಹಾಬಿ ಉಳಿಯಿತು. ಪಾಸ್‌ಟೈಮ್ ಬಂದದ್ದು ಫ್ರೆಂಚಿನ ಪಾಸ್-ತಾಂ ಎಂಬ ಶಬ್ದದ ಅಚ್ಚಿನಲ್ಲಿ: ಹೊತ್ತು ಕಳೆಸುವುದು, ಅಷ್ಟೇ. ಒಂದರ ಬುಡದಲ್ಲಿ ಕುದುರೆ, ಇನ್ನೊಂದರ ಬುಡದಲ್ಲಿ ಗಡಿಯಾರ.

ಒಂದು ಎಚ್ಚರಿಕೆ. ಹಾಬಿ ಹಾರ್ಸ್ ಈಗಲೂ ಬದುಕಿದೆ, ಆದರೆ ಅರ್ಥ ಬೇರೆ. ಯಾವ ಮಾತು ತೆಗೆದರೂ ತನ್ನದೇ ವಿಷಯಕ್ಕೆ ಎಳೆದು ತರುವವನ ಆ ವಿಷಯಕ್ಕೆ ಹಾಗನ್ನುತ್ತಾರೆ. ನಮ್ಮ ‘ಹಾಡಿದ್ದೇ ಹಾಡೋ ಕಿಸಬಾಯಿದಾಸ’ನ ಆ ಹಾಡು. ಅದನ್ನು ಹವ್ಯಾಸ ಎಂದು ತರ್ಜುಮೆ ಮಾಡಿದರೆ ಕೆಡುತ್ತದೆ.

ಉಪ್ಪಳ ಗೇಟ್

ಮಾಸ್ಟ್ರೆ, ಎಲ್ಲ ಸರಿ. ಆದರೆ ಇಂಗ್ಲಿಷ್-ಇಂಗ್ಲಿಷ್ ನಿಘಂಟೇ ಪಾಸ್‌ಟೈಮ್ ಅಂದರೆ ಹಾಬಿ ಅಂತ ಬರೀತದಲ್ಲ? ಅವರಿಗೇ ಗೊತ್ತಿಲ್ಲದ ವ್ಯತ್ಯಾಸ ನಾವು ನೀರ್ಚಾಲಿನಲ್ಲಿ ಕೂತು ಹುಡುಕುವುದಾ?

ಕುಂಬಳೆ ಸೀಮೆ

ಬರೆಯುತ್ತದೆ, ನಿಜ. ಪಾಸ್‌ಟೈಮ್ ದೊಡ್ಡ ಬುಟ್ಟಿ, ಹಾಬಿ ಅದರೊಳಗಿನ ಸಣ್ಣ ಬುಟ್ಟಿ. ಯಾವ ಹಾಬಿಯನ್ನೂ ಪಾಸ್‌ಟೈಮ್ ಎಂದು ಕರೆಯಬಹುದು, ಹೆಚ್ಚೆಂದರೆ ತೂಕ ಸ್ವಲ್ಪ ಇಳಿಯುತ್ತದೆ. ಎಲ್ಲ ಪಾಸ್‌ಟೈಮನ್ನೂ ಹಾಬಿ ಎನ್ನಲಾಗುವುದಿಲ್ಲ. ಹರಟೆ ಹೊಡೆಯುವುದು, ಕಿಟಕಿಯಲ್ಲಿ ಕೂತು ಮಳೆ ನೋಡುವುದು, ಜಗಲಿಯಲ್ಲಿ ಕೂತು ಮಾರ್ಗದಲ್ಲಿ ಹೋಗುವವರನ್ನು ಎಣಿಸುವುದು ಪಾಸ್‌ಟೈಮ್. ಇದನ್ನು ಹಾಬಿ ಎಂದರೆ ತಮಾಷೆ.

ನಿಘಂಟು ಸಮಾನಾರ್ಥ ಕೊಡುವುದು ಈ ಒಂದು ದಿಕ್ಕಿನ ಬದಲಾವಣೆ ನಡೆಯುತ್ತದೆ ಎಂಬ ಕಾರಣಕ್ಕೆ. ಎದುರು ದಿಕ್ಕಿನಲ್ಲಿಯೂ ನಡೆಯುತ್ತದೆ ಎಂದು ಅದರ ಅರ್ಥವಲ್ಲ.

ಪೆರ್ಲದ ತರ್ಜುಮೆ

ಇಂಗ್ಲಿಷಿಗಿಂತ ಹೆಚ್ಚು ತೊಂದರೆ ಕೊಡುವುದು ನಮ್ಮ ‘ಹವ್ಯಾಸ’ವೇ. ಅದು ಒಂದು ಶಬ್ದ, ಹೊರುವ ಹೊರೆ ಮೂರು.

‘ಓದುವ ಹವ್ಯಾಸ ಬೆಳೆಸಿಕೊಳ್ಳಿ’ ಎಂದು ಜೂನ್ 19ರ ವಾಚನಾ ದಿನಕ್ಕೆ ಗೋಡೆ ತುಂಬ ಬರೆಯುತ್ತೇವೆ. ಅಲ್ಲಿರುವ ಹವ್ಯಾಸ ಹಾಬಿಯಲ್ಲ, ಹ್ಯಾಬಿಟ್. ಇಂಗ್ಲಿಷಿಗೆ ತಿರುಗಿಸುವಾಗ ರೀಡಿಂಗ್ ಹ್ಯಾಬಿಟ್ ಆಗಬೇಕು. ‘ಕುಡಿತದ ಹವ್ಯಾಸ’ದಲ್ಲಿಯೂ ಹ್ಯಾಬಿಟ್ಟೇ, ಅದನ್ನು ಹಾಬಿ ಎಂದು ಬರೆದರೆ ಡಾಕ್ಟರು ನಗುತ್ತಾರೆ. ಇನ್ನು ‘ಹವ್ಯಾಸಿ ಯಕ್ಷಗಾನ ತಂಡ’, ‘ಹವ್ಯಾಸಿ ನಾಟಕ’: ಇದು ಅಮೆಚೂರ್. ಹಾಬಿ ಯಕ್ಷಗಾನ ಟ್ರೂಪ್ ಎಂದು ಕರಪತ್ರದಲ್ಲಿ ಅಚ್ಚಾದದ್ದು ನೋಡಿದರೆ ಕಿರೀಟ ಕಟ್ಟಿಕೊಂಡು ಮಕ್ಕಳಾಟ ಆಡುತ್ತಾರೋ ಎಂಬ ಭಾವ ಬರುತ್ತದೆ.

ಅಮೆಚೂರಿನ ಎದುರು ಶಬ್ದ ಪ್ರೊಫೆಷನಲ್. ಹಾಬಿಯ ಎದುರು ಶಬ್ದ ಜಾಬ್. ಪಾಸ್‌ಟೈಮಿನ ಎದುರು ನಿಲ್ಲುವುದು ಬೋರ್‌ಡಮ್, ಅಂದರೆ ಬೇಸರ. ಮೂರು ಶಬ್ದಗಳನ್ನು ಹೀಗೆ ಶತ್ರುಗಳಿಂದ ಗುರುತಿಸಿದರೆ ತಪ್ಪುವುದು ಕಡಿಮೆ.

ಅಮೆಚೂರ್ ಅಂದರೆ ಕಚ್ಚಾ ಎಂದೂ ಅಲ್ಲ. ಹ್ಯಾಮ್ ರೇಡಿಯೋ ತೆಗೆದುಕೊಳ್ಳಿ. ಕನ್ನಡದಲ್ಲಿ ಹವ್ಯಾಸಿ ರೇಡಿಯೋ, ಕಾಯಿದೆಯ ಭಾಷೆಯಲ್ಲಿ ಅಮೆಚೂರ್ ಸರ್ವಿಸ್. ಪರೀಕ್ಷೆ ಬರೆದು, ಪರವಾನಗಿ ಪಡೆದು ಮಾಡುವ ಕೆಲಸ. ಅಂತಾರಾಷ್ಟ್ರೀಯ ನಿಯಮ ಅದಕ್ಕೆ ಹಾಕುವ ಮುಖ್ಯ ಷರತ್ತು ಹಣದ ಆಸಕ್ತಿ ಇರಬಾರದು ಎಂಬುದು. ತಿಳಿವಳಿಕೆ ಕಡಿಮೆ ಇರಬೇಕು ಎಂದು ಎಲ್ಲಿಯೂ ಇಲ್ಲ. ತಾಳಮದ್ದಳೆಯಲ್ಲಿ ಹಗಲು ಬ್ಯಾಂಕಿನಲ್ಲಿ ದುಡಿದು ರಾತ್ರಿ ಕೃಷ್ಣನಾಗಿ ಅರ್ಥ ಹೇಳುವವರು ಅಮೆಚೂರ್. ಅವರ ಪಾಂಡಿತ್ಯಕ್ಕೂ ಆ ಶಬ್ದಕ್ಕೂ ಸಂಬಂಧವಿಲ್ಲ.

ಜತ್ತ ತಾಲೂಕ

ನಮ್ಮ ಕಡೆ ಇನ್ನೊಂದು ಫಜೀತಿ ಐತ್ರಿ. ಮರಾಠಿಯೊಳಗೂ ‘ಹವ್ಯಾಸ’ ಅಂತ ಶಬ್ದ ಐತಿ. ಆದ್ರ ಅದರ ಅರ್ಥ ಆಸೆಬುರುಕತನ. ‘ಪೈಶಾಚಾ ಹವ್ಯಾಸ’ ಅಂದ್ರ ರೊಕ್ಕದ ದುರಾಸೆ. ಕನ್ನಡ ಶಾಲಿ ಹುಡುಗ ಮರಾಠಿ ಮಾಸ್ತರ ಮುಂದ ‘ನನ್ನ ಹವ್ಯಾಸ ಚಿತ್ರ ಬಿಡಿಸೋದು’ ಅಂದ್ರ ಅವರಿಗೆ ಬ್ಯಾರೇನೇ ಕೇಳಸ್ತದ. ಮರಾಠಿಯೊಳಗ ಹಾಬಿಗೆ ‘ಛಂದ’ ಅಂತಾರ. ಪಾಸ್‌ಟೈಮಿಗೆ ಹತ್ರ ಬರೋದು ‘ವಿರಂಗುಳಾ’. ಎರಡೂ ಬ್ಯಾರೆ ಬ್ಯಾರೆ ಇಟ್ಟಾರ ನೋಡ್ರಿ, ನಾವ್ಯಾಕ ಕಲಸಬೇಕು?

ತಾಳವಾಡಿ ಗುಡ್ಡ

ತಮಿಳಿನಲ್ಲಿ ಉಲ್ಟಾ. ‘ಪೊಳುದುಪೋಕ್ಕು’ ಅನ್ನೋ ಒಂದೇ ಶಬ್ದ ಹಾಬಿಗೂ ಆಗುತ್ತೆ, ಪಾಸ್‌ಟೈಮಿಗೂ ಆಗುತ್ತೆ, ಟಿವಿಯ ಎಂಟರ್‌ಟೇನ್‌ಮೆಂಟಿಗೂ ಆಗುತ್ತೆ. ಪೊಳುದು ಅಂದರೆ ಹೊತ್ತು, ಪೋಕ್ಕು ಅಂದರೆ ಹೋಗಿಸೋದು. ಫ್ರೆಂಚಿನವರು ಕಟ್ಟಿದ ಹಾಗೇ ಕಟ್ಟಿದ್ದಾರೆ. ನಮ್ಮ ಊರಲ್ಲಿ ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ತಮಿಳು ಕಲಿತ ಮಕ್ಕಳು ಇಂಗ್ಲಿಷ್ ಬರೆಯುವಾಗ ಹಾಬಿ ಅನ್ನೋ ಕಡೆಯಲ್ಲೂ ಪಾಸ್‌ಟೈಮ್ ಬರೆಯೋದು ಇದರಿಂದಲೇ.

ಪೆರ್ಲದ ತರ್ಜುಮೆ

ಮಲಯಾಳದ ‘ನೇರಂಪೋಕ್ಕ್’ ಅದೇ ಅಚ್ಚು. ಆದರೆ ಅದಕ್ಕೆ ತಮಾಷೆ ಮಾತು ಎಂಬ ಅರ್ಥವೂ ಉಂಟು. ಹಾಬಿಗೆ ಅವರು ‘ಹೋಬಿ’ ಎಂದೇ ಬರೆಯುವುದರಿಂದ ಕಾಸರಗೋಡಿನ ಮಕ್ಕಳ ಬಾಯಲ್ಲಿಯೂ ‘ಹೋ’ ಉದ್ದವಾಗುತ್ತದೆ. ಇಂಗ್ಲಿಷಿನಲ್ಲಿ ಅದು ಬಾಯಿ ತೆರೆದು ಹೇಳುವ ಚಿಕ್ಕ ಸ್ವರ. ಹಾಟ್, ಪಾಟ್ ಎಂಬ ಶಬ್ದಗಳಲ್ಲಿ ಬರುವಂಥದ್ದು.

ತುಳುವಿನಲ್ಲಿ ‘ಪೊರ್ತು ಪೋವರೆ’, ಹವ್ಯಕರಲ್ಲಿ ‘ಹೊತ್ತು ಹೋಪಲೆ’. ನೋಡಿ, ನಾವು ಮನೆಯಲ್ಲಿ ಆಡುವ ಮಾತಿನಲ್ಲಿ ಪಾಸ್‌ಟೈಮ್ ಆಗಲೇ ಇದೆ. ಬರೆಯುವಾಗ ಮಾತ್ರ ಹವ್ಯಾಸ ಬಂದು ಅದರ ಮೇಲೆ ಕೂರುತ್ತದೆ.

ಬರಹದ ಕನ್ನಡಕ್ಕೆ ನನ್ನ ಆಯ್ಕೆ ಕಾಲಕ್ಷೇಪ. ಕಾಲಹರಣ ಬೇಡ, ಅದರಲ್ಲಿ ಬೈಗುಳ ಇದೆ. ಕಾಲಕ್ಷೇಪದಲ್ಲಿ ಇಲ್ಲ, ಹರಿಕಥೆಯನ್ನೇ ಹರಿಕಥಾ ಕಾಲಕ್ಷೇಪ ಎನ್ನುತ್ತೇವೆ, ದೇವಸ್ಥಾನದ ಆಮಂತ್ರಣದಲ್ಲಿ ಅಚ್ಚಾಗುತ್ತದೆ. ಬೇಸ್‌ಬಾಲನ್ನು ನ್ಯಾಷನಲ್ ಪಾಸ್‌ಟೈಮ್ ಎನ್ನುವಾಗ ಅಮೆರಿಕದವರ ದನಿಯಲ್ಲಿರುವ ಹೆಮ್ಮೆಗೆ ಈ ಶಬ್ದ ತಾಳುತ್ತದೆ. ಹಳೆಯ ಕನ್ನಡದ ಮಾತಿನಲ್ಲಿ ಕಾಲಕ್ಷೇಪಕ್ಕೆ ಜೀವನೋಪಾಯ ಎಂಬ ಇನ್ನೊಂದು ಅರ್ಥವೂ ಇದೆ, ‘ಕಾಲಕ್ಷೇಪಕ್ಕೆ ಏನು ಮಾಡುತ್ತೀರಿ’ ಎಂದು ಕೇಳುವಾಗ. ವಾಕ್ಯ ನೋಡಿಕೊಂಡು ಬಳಸಬೇಕು.

ಉಪ್ಪಳ ಗೇಟ್

ಇಷ್ಟೆಲ್ಲ ಯಾಕೆ, ಟೈಂಪಾಸ್ ಅಂತ ಬರೆದರೆ ಮುಗೀತಲ್ಲ. ರೈಲಿನಲ್ಲಿ ಕಡಲೆ ಮಾರುವವನಿಗೂ ಗೊತ್ತು.

ಹೊಸಂಗಡಿ ಕೋಚಿಂಗ್

ಮುಗಿಯುವುದಿಲ್ಲ ಮಾರಾಯ್ರೆ, ಅಲ್ಲಿಂದಲೇ ಶುರು. ಟೈಂಪಾಸ್ ನಮ್ಮ ದೇಶದ ಇಂಗ್ಲಿಷಿನಲ್ಲಿ ಹುಟ್ಟಿದ ಶಬ್ದ. ಎರಡು ತುಂಡುಗಳ ಜಾಗ ಅದಲು ಬದಲಾದದ್ದರಿಂದ ಪಾಸ್‌ಟೈಮ್ ಅದರ ‘ಶುದ್ಧ ರೂಪ’ ಎಂದು ಎಷ್ಟೋ ಜನ ತಿಳಿದುಕೊಂಡಿದ್ದಾರೆ. ಹಾಗಲ್ಲ. ‘ಟೈಂಪಾಸ್ ಸಿನಿಮಾ’ ಅಂದರೆ ತಲೆ ಖರ್ಚು ಮಾಡಬೇಕಾಗಿಲ್ಲದ, ಅಷ್ಟಕ್ಕಷ್ಟೇ ಎನ್ನುವಂಥ ಸಿನಿಮಾ. ‘ಪಾಸ್‌ಟೈಮ್ ಸಿನಿಮಾ’ ಎಂಬ ಪ್ರಯೋಗವೇ ಇಲ್ಲ. ‘ಐ ಡಿಡ್ ಇಟ್ ಫಾರ್ ಟೈಂಪಾಸ್’ ಎಂಬುದನ್ನು ಪರೀಕ್ಷೆಯಲ್ಲಿ ತಿದ್ದಬೇಕಾದರೆ ‘ಟು ಪಾಸ್ ದ ಟೈಮ್’ ಎಂದು ಬರೆಯಬೇಕು. ‘ಫಾರ್ ಪಾಸ್‌ಟೈಮ್’ ಎಂದು ತಿದ್ದಿದರೆ ಒಂದು ತಪ್ಪು ಹೋಗಿ ಇನ್ನೊಂದು ಬಂತು. ಹೊತ್ತು ಹಾಳು ಮಾಡಿದ್ದು ಎನ್ನುವ ದನಿ ಬೇಕಿದ್ದರೆ ‘ಟು ಕಿಲ್ ಟೈಮ್’.

ಬರೆಯುವಾಗ ಬಿಟ್ಟು ಬರೆದರೆ ಪಾಸ್ ಟೈಮ್ ಕ್ರಿಯಾಪದ, ಅಂಟಿಸಿ ಬರೆದರೆ ನಾಮಪದ. ಅಂಟಿಸಿದಾಗ ಎಸ್ ಒಂದೇ: ಪಿ, ಎ, ಎಸ್, ಟಿ, ಐ, ಎಂ, ಇ. ಒಟ್ಟು ಏಳು ಅಕ್ಷರ. ಪಾಸ್ ಮತ್ತು ಟೈಮ್ ಕೂಡಿಸಿದ್ದು ಎಂದು ಯೋಚಿಸಿ ಎರಡು ಎಸ್ ಹಾಕುವುದು ನಾನು ತಿದ್ದುವ ಹಾಳೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು. ಪಾಸ್ಟ್ ಮತ್ತು ಟೈಮ್ ಎಂದು ಬಿಡಿಸಿ ಎರಡು ಟಿ ಹಾಕುವವರೂ ಇದ್ದಾರೆ; ಆಗ ಅದು ‘ಕಾಲ ಮೀರಿತು’ ಎಂಬ ಬೇರೆಯೇ ಪ್ರಯೋಗವಾಗುತ್ತದೆ. ಬಹುವಚನದಲ್ಲಿ ಪಾಸ್‌ಟೈಮಿಗೆ ಬರೀ ಎಸ್ ಸಾಕು. ಹಾಬಿಯ ಕೊನೆಯ ವೈ ಹೋಗಿ ಐ, ಇ, ಎಸ್ ಬರುತ್ತದೆ.

ಇನ್ನು ವಾಕ್ಯ ಕಟ್ಟುವುದು. ‘ಒನ್ ಆಫ್ ಮೈ’ ಆದ ಮೇಲೆ ಬಹುವಚನ ಹಾಬೀಸ್, ಕ್ರಿಯಾಪದ ಮಾತ್ರ ಏಕವಚನ ಈಸ್. ‘ಒನ್ ಆಫ್ ಮೈ ಹಾಬಿ ಆರ್’ ಎಂದು ಎರಡೂ ಕಡೆ ಉಲ್ಟಾ ಬರೆಯುವುದಕ್ಕೆ ಕಾರಣ ಕನ್ನಡವೇ. ‘ನನ್ನ ಹವ್ಯಾಸಗಳಲ್ಲಿ ಒಂದು’ ಎನ್ನುವಾಗ ನಮ್ಮಲ್ಲಿ ಬಹುವಚನ ಮೊದಲು ಬಂದು ಒಂದು ಎಂಬುದು ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ತಿರುಗಿಸುವಾಗ ಕೈ ತಪ್ಪುತ್ತದೆ. ಹಾಬಿಯ ನಂತರ ಐಎನ್‌ಜಿ ರೂಪ ಹಾಕಿ: ಮೈ ಹಾಬಿ ಈಸ್ ಗಾರ್ಡನಿಂಗ್. ‘ಟು ಗಾರ್ಡನ್’ ತಪ್ಪೆಂದಲ್ಲ, ಮಾತಿನಲ್ಲಿ ಬಿಗಿಯಾಗಿ ಕೇಳುತ್ತದೆ. ‘ಐ ಡೂ ಹಾಬಿ’ ಬೇಡವೇ ಬೇಡ.

ಚಂದ್ರಗಿರಿ ತೀರ

ಕೋಚಿಂಗಿನವರೇ, ಬಯೋಡೇಟಾದ ಹಾಬೀಸ್ ಕಾಲಮ್ಮಿಗೆ ಏನು ಬರೆಯಬೇಕು, ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಮಾತಿನ ಭಾಗಕ್ಕೆ ಏನು ಹೇಳಬೇಕು, ಅದನ್ನೂ ಹೇಳಿ. ನರ್ಸಿಂಗ್ ಮುಗಿಸಿ ಹೊರಗೆ ಹೋಗುವ ಮಕ್ಕಳೆಲ್ಲ ‘ರೀಡಿಂಗ್ ಬುಕ್ಸ್, ವಾಚಿಂಗ್ ಟಿವಿ, ಲಿಸನಿಂಗ್ ಮ್ಯೂಸಿಕ್’ ಎಂಬ ಒಂದೇ ಸಾಲು ಹಾಕುತ್ತಾರೆ.

ಹೊಸಂಗಡಿ ಕೋಚಿಂಗ್

ಆ ಸಾಲಿನಲ್ಲಿ ವ್ಯಾಕರಣದ ತಪ್ಪೂ ಒಂದು ಉಂಟು: ಲಿಸನಿಂಗ್ ಆದ ಮೇಲೆ ಟು ಬೇಕು. ಬುಕ್ಸ್ ಬೇಡ, ರೀಡಿಂಗ್ ಎಂದರೆ ಸಾಕು.

ಬಯೋಡೇಟಾದಲ್ಲಿ ಹಾಬಿ ಎಂದು ಬರೆದದ್ದಕ್ಕೆ ಮುಂದಿನ ಪ್ರಶ್ನೆ ಬಂದೇ ಬರುತ್ತದೆ. ಯಾವಾಗಿನಿಂದ, ವಾರಕ್ಕೆ ಎಷ್ಟು ಸಲ, ಏನೇನು ಸಾಮಾನು ಬೇಕು, ಇತ್ತೀಚೆಗೆ ಏನು ಕಲಿತಿರಿ. ಈ ನಾಲ್ಕಕ್ಕೂ ಉತ್ತರ ಇದ್ದರೆ ಅದು ಹಾಬಿ. ಇಲ್ಲದಿದ್ದರೆ ಅದು ಪಾಸ್‌ಟೈಮ್, ಕಾಲಮ್ಮಿನಲ್ಲಿ ಬೇಡ. ಟಿವಿ ನೋಡುವುದು ಇದೇ ಜಾಗದಲ್ಲಿ ಬೀಳುತ್ತದೆ. ನಿದ್ದೆ ಎರಡೂ ಅಲ್ಲ. ಕ್ರಿಕೆಟ್ ಆಡುವುದು ಇಂಗ್ಲಿಷಿನವರಿಗೆ ಸ್ಪೋರ್ಟ್. ಹಾಬಿಯ ಕೆಳಗೆ ಬರೆದರೆ ಯಾರೂ ಅಂಕ ಕಳೆಯುವುದಿಲ್ಲ, ಆದರೆ ಹಳೇ ಕ್ರಿಕೆಟ್ ಅಂಕಿ ಅಂಶ ಕೂಡಿಡುವುದು ಅದಕ್ಕಿಂತ ಹೆಚ್ಚು ಹಾಬಿ. ಶೀರ್ಷಿಕೆಗೆ ‘ಇಂಟರೆಸ್ಟ್ಸ್’ ಎಂದು ಹಾಕಿದರೆ ಇಕ್ಕಟ್ಟು ಕಡಿಮೆ, ಏಕೆಂದರೆ ಆಸಕ್ತಿ ಇರುವುದನ್ನೆಲ್ಲ ಕೈಯಾರೆ ಮಾಡಲೇಬೇಕೆಂದಿಲ್ಲ.

ಮಾತಿನ ಪರೀಕ್ಷೆಯ ಮೊದಲ ಭಾಗದಲ್ಲಿ ಪರೀಕ್ಷಕರು ಫ್ರೀ ಟೈಮ್, ಸ್ಪೇರ್ ಟೈಮ್ ಎಂದು ಕೇಳಿದರೆ ಹಾಬಿಯನ್ನೇ ಹೇಳಬೇಕೆಂಬ ಕಡ್ಡಾಯ ಇಲ್ಲ. ಬಿಡುವಿನಲ್ಲಿ ಏನು ಮಾಡುತ್ತೀರಿ ಎಂಬುದಷ್ಟೇ ಪ್ರಶ್ನೆ. ‘ಐ ಡೋಂಟ್ ಹ್ಯಾವ್ ಎನಿ ಹಾಬೀಸ್’ ಎಂದು ಹೇಳಿ ಬಾಯಿ ಮುಚ್ಚಿದರೆ ನಷ್ಟ, ಅಂಕ ಇರುವುದು ಭಾಷೆಗೆ. ‘ನಾಟ್ ರಿಯಲಿ ಎ ಹಾಬಿ, ಬಟ್…’ ಎಂದು ಶುರು ಮಾಡಿ ಎರಡು ಮೂರು ವಾಕ್ಯ ಹೇಳಿದರೆ ಶಬ್ದದ ವ್ಯತ್ಯಾಸ ಗೊತ್ತಿದೆ ಎಂಬುದೂ ತೋರುತ್ತದೆ. ಎಷ್ಟು ಕಾಲದಿಂದ ಎಂದು ಹೇಳುವಾಗ: ಇಸವಿಗೆ ಸಿನ್ಸ್, ವರ್ಷಗಳ ಲೆಕ್ಕಕ್ಕೆ ಫಾರ್. ಎರಡರಲ್ಲಿ ಯಾವುದಿದ್ದರೂ ‘ಐ ಆ್ಯಮ್ ಕಲೆಕ್ಟಿಂಗ್’ ಅಲ್ಲ, ‘ಐ ಹ್ಯಾವ್ ಬೀನ್ ಕಲೆಕ್ಟಿಂಗ್’. ನಮ್ಮ ‘ಸಂಗ್ರಹ ಮಾಡುತ್ತಾ ಇದ್ದೇನೆ’ ಎರಡಕ್ಕೂ ನಡೆಯುವುದರಿಂದ ಇಲ್ಲಿ ಎಲ್ಲರೂ ಎಡವುತ್ತಾರೆ.

ಕುಂಬಳೆ ಸೀಮೆ

ಸ್ಟ್ಯಾಂಪಿನ ಮಾತು ಬಂದದ್ದರಿಂದ ಒಂದು ಸರ್ಕಾರಿ ಉದಾಹರಣೆ. ಅಂಚೆ ಇಲಾಖೆ 2017ರಲ್ಲಿ ದೀನ್ ದಯಾಳ್ ಸ್ಪರ್ಶ್ ಎಂಬ ವಿದ್ಯಾರ್ಥಿವೇತನ ಶುರು ಮಾಡಿತು. 6ರಿಂದ 9ನೇ ತರಗತಿಯವರೆಗಿನ ಮಕ್ಕಳಿಗೆ, ವರ್ಷಕ್ಕೆ 6000 ರೂಪಾಯಿ. ಸ್ಪರ್ಶ್ ಎಂಬುದು ಇಂಗ್ಲಿಷ್ ಮೊದಲಕ್ಷರಗಳ ಜೋಡಣೆ, ಕೊನೆಯ ಅಕ್ಷರ ಹಾಬಿಯದ್ದು: ‘ಸ್ಟ್ಯಾಂಪ್ಸ್ ಆ್ಯಸ್ ಎ ಹಾಬಿ’. ಅಲ್ಲಿ ಪಾಸ್‌ಟೈಮ್ ಹಾಕಿ ಓದಿ ನೋಡಿ, ಕೂರುವುದಿಲ್ಲ. ಮಗುವಿಗೆ ಶಾಲೆಯ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ಕ್ಲಬ್ಬಿನ ಸದಸ್ಯತ್ವ ಅಥವಾ ಸ್ವಂತ ಫಿಲಾಟೆಲಿ ಡೆಪಾಸಿಟ್ ಖಾತೆ ಇರಬೇಕು, ರಸಪ್ರಶ್ನೆ ಬರೆಯಬೇಕು, ಪ್ರಾಜೆಕ್ಟ್ ಮಾಡಬೇಕು. ಸಂಗ್ರಹ, ಕಲಿಕೆ, ಮುಂದುವರಿಕೆ ಮೂರೂ ಇರುವಲ್ಲಿ ಹಾಬಿ. ಮೂರನೇ ವಾಕ್ಯದ ಉತ್ತರ ಇದರಲ್ಲೇ ಉಂಟು.

ದುಡ್ಡು ಬಂದರೆ ಹಾಬಿ ಹಾಬಿಯಾಗಿ ಉಳಿಯುತ್ತದೆಯೇ ಎಂದು ಮಕ್ಕಳು ಕೇಳಬಹುದು. ಅಮೆರಿಕದ ಆದಾಯ ತೆರಿಗೆಯವರಿಗೂ ಇದೇ ತಲೆನೋವು. ಅಲ್ಲಿನ ನಿಯಮದಂತೆ ಒಂದು ಚಟುವಟಿಕೆ ಸಾಮಾನ್ಯವಾಗಿ 5 ವರ್ಷಗಳಲ್ಲಿ 3 ವರ್ಷ ಲಾಭ ತೋರಿಸಿದರೆ ಅದನ್ನು ಲಾಭಕ್ಕಾಗಿಯೇ ಮಾಡುವ ವ್ಯವಹಾರ ಎಂದು ಭಾವಿಸುತ್ತಾರೆ. ಹಾಬಿ ಎಂದು ತೀರ್ಮಾನವಾದರೆ ಅದರ ನಷ್ಟವನ್ನು ಬೇರೆ ಆದಾಯದಿಂದ ಕಳೆಯಲು ಬಿಡುವುದಿಲ್ಲ. ಪಾಸ್‌ಟೈಮಿಗೆ ಯಾವ ತೆರಿಗೆ ಅಧಿಕಾರಿಯೂ ಹೀಗೆ ಗೆರೆ ಎಳೆದಿಲ್ಲ, ಅದರಲ್ಲಿ ನಷ್ಟವಾಗುವುದು ಹೊತ್ತು ಮಾತ್ರ.

ಸಂಬಂಧ ಇಲ್ಲದಿದ್ದರೂ ಹೇಳಿಬಿಡುತ್ತೇನೆ. ಹಾಬಿ ಎಂಬ ಹೆಸರಿನ ಸಣ್ಣ ಗಿಡುಗವೊಂದಿದೆ, ಶಾಸ್ತ್ರೀಯ ಹೆಸರು ಫಾಲ್ಕೊ ಸಬ್ಬ್ಯುಟಿಯೊ. ಈ ಹಾಬಿಯ ಮೂಲ ಬೇರೆ, ಕುದುರೆಗೂ ಇದಕ್ಕೂ ನಂಟಿಲ್ಲ. 1940ರ ದಶಕದಲ್ಲಿ ಇಂಗ್ಲೆಂಡಿನ ಪೀಟರ್ ಅಡಾಲ್ಫ್ ಮೇಜಿನ ಮೇಲೆ ಆಡುವ ಫುಟ್‌ಬಾಲ್ ಆಟವೊಂದಕ್ಕೆ ‘ಹಾಬಿ’ ಎಂದು ಹೆಸರಿಡಲು ಹೊರಟರು, ಟ್ರೇಡ್‌ಮಾರ್ಕ್ ಸಿಗಲಿಲ್ಲ. ಹಕ್ಕಿಯ ಲ್ಯಾಟಿನ್ ಹೆಸರಿನ ಬಾಲ ಹಿಡಿದು ಸಬ್ಬ್ಯುಟಿಯೊ ಎಂದು ಇಟ್ಟರು.

ಉಪ್ಪಳ ಗೇಟ್

ಮಾಸ್ಟ್ರ ಹಾಬಿ ಹಾರ್ಸ್ ಯಾವುದು ಅಂತ ಈಗ ಗೊತ್ತಾಯ್ತು.

ನೀರ್ಚಾಲು ಟೀಚರ್

ನಾಲ್ಕನೆಯದ್ದಕ್ಕೆ ಒಂದು ಸಂಶಯ. ಚೆನ್ನೆಮಣೆಗೂ ನಿಯಮ ಉಂಟು, ಲೆಕ್ಕ ಉಂಟು, ಕಲಿಯಲಿಕ್ಕೂ ಉಂಟು. ಒಂದೊಂದು ಬದಿಗೆ ಏಳರಂತೆ 14 ಗುಳಿ, ಗುಳಿಗೆ ನಾಲ್ಕು, ಒಟ್ಟು 56 ಕಾಯಿ. ಚೆನ್ನಾಗಿ ಆಡುವವರು ಮುಂದಿನ ನಾಲ್ಕೈದು ಸುತ್ತು ಮನಸ್ಸಿನಲ್ಲೇ ಎಣಿಸ್ತಾರೆ. ಕಲಿಕೆ ಇರುವಲ್ಲಿ ಹಾಬಿ ಅಂತ ಮಾಸ್ಟ್ರೇ ಹೇಳಿದರು. ಮತ್ತೆ ಇದು ಹೇಗೆ ಪಾಸ್‌ಟೈಮ್?

ಪೆರ್ಲದ ತರ್ಜುಮೆ

ಟೀಚರ್, ಆಟ ಎಷ್ಟು ಕಷ್ಟದ್ದು ಎಂಬುದರಿಂದ ಇದು ತೀರ್ಮಾನವಾಗುವುದಿಲ್ಲ, ವಾಕ್ಯ ಯಾರ ಬಗ್ಗೆ ಎಂಬುದರಿಂದ ಆಗುತ್ತದೆ. ತುಳುವರ ಆಟಿ ತಿಂಗಳಲ್ಲಿ ಗದ್ದೆ ಕೆಲಸ ಮುಗಿದಿರುತ್ತದೆ, ಹೊರಗೆ ಕಾಲಿಡಲಾಗದ ಮಳೆ, ಅಂಗಳದ ಕೆಲಸವಿಲ್ಲ. ಆಗ ಮಣೆ ಅಟ್ಟದಿಂದ ಇಳಿಯುತ್ತದೆ. ಆಟಿ ಕಳೆದ ಮೇಲೆ ಎಷ್ಟೋ ಮನೆಗಳಲ್ಲಿ ಅದು ಮತ್ತೆ ಅಟ್ಟಕ್ಕೆ. ಹೊತ್ತು ಇದ್ದದ್ದರಿಂದ ಆಟ. ಹೊತ್ತು ತೀರಿದ ಮೇಲೆ ಆಟವೂ ತೀರಿತು. ಆ ವಾಕ್ಯದಲ್ಲಿ ‘ಕಾಮನ್’ ಎಂದೂ ‘ಮಳೆಯ ತಿಂಗಳುಗಳಲ್ಲಿ’ ಎಂದೂ ನೀವೇ ಬರೆದಿದ್ದೀರಿ. ಪಾಸ್‌ಟೈಮ್.

ಅದೇ ಒಬ್ಬರು ಬೇರೆ ಬೇರೆ ಊರಿನ ಮಣೆಗಳನ್ನು ಕೂಡಿಟ್ಟು, ಆಟದ ಬಗೆಗಳನ್ನು ಬರೆದಿಟ್ಟು, ವರ್ಷಪೂರ್ತಿ ಅದರ ಹಿಂದೆ ಬಿದ್ದರೆ ಅವರಿಗೆ ಅದು ಹಾಬಿ. ಮಣೆ ಅದೇ, ಕಾಯಿಯೂ ಅದೇ ಮಂಜೊಟ್ಟಿ.

ಕುಂಬಳೆ ಸೀಮೆ

ಒಪ್ಪಿದೆ. ‘ಕಲಿಕೆ ಇರುವಲ್ಲಿ ಹಾಬಿ’ ಎಂದು ನಾನು ಹೇಳಿದ್ದು ತುಸು ಅವಸರವಾಯಿತು. ಒಬ್ಬನ ಕಲಿಕೆ, ಅವನಾಗಿ ಮುಂದುವರಿಸುವ ಕಲಿಕೆ ಎಂದು ತಿದ್ದಿಕೊಳ್ಳಿ.

ಮಂಜೇಶ್ವರ ಮಾರ್ಗ

ಇದೇ ಸಾಲಿನಲ್ಲಿ ಲೀಷರ್, ರಿಕ್ರಿಯೇಶನ್ ಎರಡನ್ನೂ ಹೇಳಿಬಿಡಿ. ಎಲ್ಲದಕ್ಕೂ ‘ಮನರಂಜನೆ’ ಬರೆಯುತ್ತಾರೆ.

ಪೆರ್ಲದ ತರ್ಜುಮೆ

ಲೀಷರ್ ಅಂದರೆ ನಮ್ಮ ಪುರುಸೊತ್ತು. ಇದಕ್ಕಿಂತ ಒಳ್ಳೆಯ ಶಬ್ದ ಕರಾವಳಿಯಲ್ಲಿ ಇಲ್ಲ. ಅದು ಚಟುವಟಿಕೆಯಲ್ಲ, ಸ್ಥಿತಿ. ಎಣಿಸಲು ಬರುವುದಿಲ್ಲ, ಬಹುವಚನ ಇಲ್ಲ. ‘ಎ ಲೀಷರ್’ ಎಂದು ಬರೆಯುವಂತಿಲ್ಲ. ಪುರುಸೊತ್ತು ಇದೆ ಎನ್ನುತ್ತೇವೆಯೇ ಹೊರತು ಪುರುಸೊತ್ತು ಮಾಡುತ್ತಿದ್ದೇನೆ ಎನ್ನುವುದಿಲ್ಲ, ಲೀಷರ್ ಅದೇ ಥರ. ‘ಆ್ಯಟ್ ಯುವರ್ ಲೀಷರ್’ ಎಂದರೆ ‘ನಿಮ್ಮ ಪುರುಸೊತ್ತಿನಲ್ಲಿ’. ನಮ್ಮ ಶಬ್ದ ಅರಬ್ಬಿ-ಪಾರಸಿಯ ಫುರ್ಸತ್‌ನಿಂದ ಬಂದದ್ದು. ಅವರದ್ದು ಲ್ಯಾಟಿನ್ನಿನ ‘ಅನುಮತಿ ಇದೆ’ ಎಂಬ ಕ್ರಿಯಾಪದದಿಂದ, ಲೈಸನ್ಸ್ ಕೂಡ ಅದೇ ಬಳ್ಳಿಯದ್ದು. ಉಚ್ಚಾರ ಬ್ರಿಟಿಷರಲ್ಲಿ ಲೆಷರ್, ಅಮೆರಿಕದವರಲ್ಲಿ ಹೆಚ್ಚಾಗಿ ಲೀಷರ್. ನಡುವಿನ ದನಿ ಪ್ಲೆಷರ್, ಮೆಷರ್‌ನಲ್ಲಿ ಬರುವಂಥದ್ದು. ಲೀಷರ್‌ಲಿ ಕೊನೆಯಲ್ಲಿ ಲಿ ಇದ್ದರೂ ಮುಖ್ಯವಾಗಿ ವಿಶೇಷಣ: ಎ ಲೀಷರ್‌ಲಿ ವಾಕ್.

ರಿಕ್ರಿಯೇಶನ್ ಆ ಪುರುಸೊತ್ತಿನಲ್ಲಿ ಮಾಡುವ, ದಣಿದ ಮೈಮನಸ್ಸನ್ನು ಹೊಸದು ಮಾಡುವ ಚಟುವಟಿಕೆ. ನಡುವೆ ಅಡ್ಡಗೆರೆ ಹಾಕಿ ರೀ-ಕ್ರಿಯೇಶನ್ ಎಂದರೆ ಪುನರ್‌ಸೃಷ್ಟಿ. ಉಚ್ಚಾರವೂ ಬದಲು, ಮೊದಲ ಸ್ವರ ದೀರ್ಘ. ಮನರಂಜನೆ ಎಂಟರ್‌ಟೇನ್‌ಮೆಂಟಿಗೆ ಇರಲಿ. ಅಲ್ಲಿ ಒಬ್ಬರು ಆಡುತ್ತಾರೆ, ಇನ್ನೊಬ್ಬರು ನೋಡುತ್ತಾರೆ.

ಲೀಷರ್, ರಿಕ್ರಿಯೇಶನ್ ಎರಡನ್ನು ಬೇರೆ ಇಡಲೇಬೇಕಾದ ಜಾಗ ಕಾನೂನಿನ ಭಾಷೆ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿಯಲ್ಲಿ ವಿಶ್ರಾಂತಿ ಮತ್ತು ಲೀಷರ್ ಒಂದು ಕಡೆ, ಆಟ ಮತ್ತು ರಿಕ್ರಿಯೇಶನಲ್ ಚಟುವಟಿಕೆ ಇನ್ನೊಂದು ಕಡೆ, ಒಂದೇ ವಾಕ್ಯದೊಳಗೆ. ಎರಡಕ್ಕೂ ಮನರಂಜನೆ ಬರೆದರೆ ಮಗುವಿಗೆ ಸುಮ್ಮನೆ ಇರುವ ಹಕ್ಕೇ ತರ್ಜುಮೆಯಲ್ಲಿ ಕಳೆದುಹೋಗುತ್ತದೆ. ನಮ್ಮ ಸಂವಿಧಾನದ 43ನೇ ಅನುಚ್ಛೇದ ಕೆಲಸಗಾರರಿಗೆ ಲೀಷರಿನ ಪೂರ್ಣ ಅನುಭೋಗ ಸಿಗಬೇಕು ಎನ್ನುತ್ತದೆ. ಅದು ಸಿನಿಮಾ ಟಿಕೆಟಲ್ಲ, ಹೊತ್ತು. ಗ್ರಂಥಭಾಷೆಯಲ್ಲಿ ವಿರಾಮ ಎನ್ನಿ, ಬಿಡುವು ಎನ್ನಿ.

ನೀರ್ಚಾಲು ಟೀಚರ್

ಬಹಳ ಉಪಕಾರವಾಯ್ತು. ಉತ್ತರ ಸೂಚಿ ಹೀಗೆ ಬರೆದುಕೊಂಡಿದ್ದೇನೆ: ಒಂದು ಮತ್ತು ಮೂರಕ್ಕೆ ಹಾಬಿ, ಎರಡು ಮತ್ತು ನಾಲ್ಕಕ್ಕೆ ಪಾಸ್‌ಟೈಮ್. ಐದಕ್ಕೆ ಏನು ಹಾಕುವುದು? ಫೇವರಿಟ್ ಇರುವುದರಿಂದ ಪಾಸ್‌ಟೈಮ್ ಅನಿಸ್ತದೆ, ಮೈ ಇರುವುದರಿಂದ ಹಾಬಿ ಅನಿಸ್ತದೆ.

ಹೊಸಂಗಡಿ ಕೋಚಿಂಗ್

ಐದಕ್ಕೆ ಎರಡೂ ಸರಿ. ಹಾಗಾಗಿ ಬಿಟ್ಟ ಸ್ಥಳಕ್ಕೆ ಅದು ಒಳ್ಳೆಯ ವಾಕ್ಯವಲ್ಲ. ಒಂದು ಅಂಕದ ಪ್ರಶ್ನೆಗೆ ಎರಡು ಉತ್ತರ ಇದ್ದರೆ ಹಾಳೆ ತಿದ್ದುವ ದಿನ ಜಗಳ. ಬದಲಾಯಿಸಿ: ‘ಗ್ರಂಬ್ಲಿಂಗ್ ಅಬೌಟ್ ದ ರೇನ್ ಈಸ್ ಎ ನ್ಯಾಷನಲ್ ____’ ಎಂದು ಹಾಕಿ. ಇಂಗ್ಲಿಷಿನಲ್ಲಿ ಇಂಥ ಕೊಂಕು ಮಾತಿಗೆ ಪಾಸ್‌ಟೈಮ್ ಬಹಳ ಒಗ್ಗುತ್ತದೆ, ಮಕ್ಕಳಿಗೆ ನಗೆಯೂ ಬರುತ್ತದೆ. ಹಳೆಯ ಐದನೆಯದನ್ನು ಬಾಯಿಮಾತಿನ ಚರ್ಚೆಗೆ ಇಟ್ಟುಕೊಳ್ಳಿ. ಯಾರು ಹಾಬಿ ಎಂದರೋ ಅವರ ಹತ್ತಿರ ಕೊನೆಗೆ ಓದಿದ ಪುಸ್ತಕ ಯಾವುದು ಎಂದು ಕೇಳಿ.

ನೀರ್ಚಾಲು ಟೀಚರ್

ಬದಲಾಯಿಸಿದೆ. ತಿದ್ದಿದ ಹಾಳೆಯ ಫೋಟೊ ಮೇಲೆ ಹಾಕಿದ್ದೇನೆ. ನಾಳೆ ಬೆಳಿಗ್ಗೆ ಬದಿಯಡ್ಕದಲ್ಲಿ ಫೋಟೊಕಾಪಿ, 42 ಪ್ರತಿ.

ತಾಳವಾಡಿ ಗುಡ್ಡ

ಟೀಚರ್, ಫೋಟೊ ದೊಡ್ಡದು ಮಾಡಿ ನೋಡಿ. ಮೇಲಿನ ಸೂಚನೆಯ ಸಾಲಿನಲ್ಲಿ ಪಾಸ್‌ಟೈಮಿಗೆ ಎಸ್ ಎರಡು ಬಿದ್ದಿದೆ.